ಹಳೆ ಮಾರುತಿ 800ಕ್ಕೆ ಕ್ಲಚ್ ಸೇಫ್ಟಿ ಸ್ವಿಚ್: ಎಲ್ಲಿ ಕೂರಿಸೋದು, ಯಾವ ವೈರ್ ಕತ್ತರಿಸೋದು?

‘ಹನುಮಂತನಗರದ ಏರು’ ಅನ್ನೋ ಹೆಸರಿನವರು ಕೇಳಿದ್ದು:

ಕಾರು 1988ರ ಮಾರುತಿ 800. 796 ಸಿಸಿ ಕಾರ್ಬುರೇಟರ್ ಎಂಜಿನ್, ನಾಲ್ಕು ಗೇರು, ಕೇಬಲ್ ಕ್ಲಚ್. ವೈರಿಂಗ್ ಬಹುಪಾಲು ಕಂಪನಿಯದೇ, ಹಾರ್ನ್ ರಿಲೇ ಒಂದು ಬಿಟ್ಟರೆ ಯಾರೂ ಕೈ ಹಾಕಿಲ್ಲ.

ಮನೆ ಮುಂದೆ ಇಳಿಜಾರು. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬೋಕಾಗಲ್ಲ ಅಂತ ಫಸ್ಟ್ ಗೇರ್‌ನಲ್ಲಿಟ್ಟೇ ನಿಲ್ಲಿಸೋದು. ಓಡಿಸೋರು ಮೂರು ಜನ. ನ್ಯೂಟ್ರಲ್ ನೋಡದೆ ಯಾರಾದ್ರೂ ಕೀ ತಿರುಗಿಸಿದ್ರೆ ಗಾಡಿ ಎಗರಿ ಗೇಟಿಗೆ ಮುತ್ತು ಕೊಡುತ್ತೆ. ಈಗಿನ ಕಾರುಗಳಲ್ಲಿ ಇರೋ ಹಾಗೆ ಕ್ಲಚ್ ಒತ್ತಿದರೆ ಮಾತ್ರ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆಯೋ ವ್ಯವಸ್ಥೆ ಬೇಕು.

ಬೆಂಗಳೂರಿನ ವಿಲ್ಸನ್ ಗಾರ್ಡನ್ ಕಡೆ ಒಬ್ಬ ಎಲೆಕ್ಟ್ರಿಷಿಯನ್ ಹೇಳಿದ್ದು: ಬ್ರೇಕ್ ಲೈಟ್ ಸ್ವಿಚ್ ಒಂದನ್ನ ಕ್ಲಚ್ ಪೆಡಲ್ ಮೇಲ್ಗಡೆ ಕೂರಿಸಿ, ಸ್ಟಾರ್ಟ್ ವೈರನ್ನ ಅದರ ಮೂಲಕ ಎಳೆದುಬಿಟ್ಟರೆ ಆಯ್ತು, ಅರ್ಧ ಗಂಟೆ ಕೆಲಸ. ಇದು ಸರೀನಾ? ರಿಲೇ ಬೇಕಾ? ಸ್ವಿಚ್ ಕೈಕೊಟ್ಟರೆ ರಸ್ತೆ ಮಧ್ಯೆ ಏನು ಮಾಡೋದು?

ತಾಮ್ರದ ತಂತಿ ಉತ್ತರ:

ಅರ್ಧ ಗಂಟೇಲಿ ಆಗುತ್ತೆ. ಆದರೆ ಆ ಜಾಗದಲ್ಲಿ ಆ ಸ್ವಿಚ್ ಹಾಕಿದ್ರೆ ಗೇಟಿಗೆ ಮುತ್ತು ತಪ್ಪಲ್ಲ.

ಬ್ರೇಕ್ ಲೈಟ್ ಸ್ವಿಚ್ಚಿನ ಮೊಳೆ ಒಳಗೆ ಒತ್ತಿದ್ದಾಗ ಆಫ್, ಹೊರಗೆ ಬಂದಾಗ ಆನ್. ಪೆಡಲ್ ತನ್ನ ಜಾಗದಲ್ಲಿ ಕೂತಿರುವಾಗ ಮೊಳೆಯನ್ನ ಒತ್ತಿಕೊಂಡಿರುತ್ತೆ. ಪೆಡಲ್ ನಾಲ್ಕೈದು ಮಿ.ಮೀ. ಕದಲಿದ್ರೆ ದೀಪ ಹತ್ತುತ್ತೆ. ಬ್ರೇಕಿಗೆ ಬೇಕಾದ್ದೂ ಅದೇ. ಕ್ಲಚ್ಚಿನಲ್ಲಿ ಆ ನಾಲ್ಕೈದು ಮಿ.ಮೀ. ಬರೀ ಫ್ರೀ ಪ್ಲೇ, ಅಂದ್ರೆ ಕೆಲಸ ಶುರುವಾಗೋ ಮೊದಲಿನ ಸಡಿಲ ಓಡಾಟ. ಕ್ಲಚ್ಚನ್ನ ಬಿಡಿಸೋ ರಿಲೀಸ್ ಬೇರಿಂಗ್ ಇನ್ನೂ ಪ್ರೆಷರ್ ಪ್ಲೇಟಿನ ಬೆರಳುಗಳನ್ನ ಮುಟ್ಟೇ ಇರಲ್ಲ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟು ಕೀ ತಿರುಗಿಸಿದ್ರೂ ಸೆಲ್ಫ್ ಹೊಡೆಯುತ್ತೆ, ಗಾಡಿ ಎಗರುತ್ತೆ. ಡೋರ್ ಲೈಟ್ ಸ್ವಿಚ್ಚಿಗೂ ಇದೇ ಮಾತು.

ಹಾಗಾದ್ರೆ ಅದೇ ಸ್ವಿಚ್ಚನ್ನ ಕೆಳಗಡೆ, ಪೆಡಲ್ ಪೂರ್ತಿ ಇಳಿಯೋ ಜಾಗದಲ್ಲಿ ಹಾಕಿದ್ರೆ? ಆಗ ಕೆಲಸ ಉಲ್ಟಾ: ಸದಾ ಆನ್, ಕ್ಲಚ್ ಒತ್ತಿದಾಗ ಆಫ್. ಐದು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್) ತಂದು, ರಿಲೇ ಸುಮ್ಮನಿದ್ದಾಗ ಕರೆಂಟ್ ಬಿಡೋ 87ಎ ಪಿನ್ ಬಳಸಿ ಉಲ್ಟಾನ ಸೀದಾ ಮಾಡೋರಿದ್ದಾರೆ. ದಯವಿಟ್ಟು ಬೇಡ. ಆ ಜೋಡಣೆಯಲ್ಲಿ ಸ್ವಿಚ್ಚಿನ ಒಂದು ವೈರ್ ಕಳಚಿದರೂ ರಿಲೇ ಸುಮ್ಮನೆ ಕೂತು, 87ಎ ಮೂಲಕ ಸೆಲ್ಫಿಗೆ ಯಾವಾಗಲೂ ದಾರಿ ಬಿಟ್ಟಿರುತ್ತೆ. ರಕ್ಷಣೆ ಹೋಗಿದ್ದು ಯಾರಿಗೂ ಗೊತ್ತೇ ಆಗಲ್ಲ.

ಬೇಕಾಗಿರೋದು ಒತ್ತಿದಾಗ ಆನ್ ಆಗೋ ಸ್ವಿಚ್. ಎರಡು ದಾರಿ. ಒಂದು, ಎಸ್.ಪಿ. ರಸ್ತೆಯಲ್ಲಿ ಸಿಗೋ ರೋಲರ್ ಲಿವರ್ ಇರೋ ಮೈಕ್ರೋಸ್ವಿಚ್. ಅದರಲ್ಲಿ ಕಾಮನ್, ಎನ್‌ಒ (ಒತ್ತಿದಾಗ ಸೇರೋದು), ಎನ್‌ಸಿ (ಒತ್ತಿದಾಗ ಬಿಡೋದು) ಅಂತ ಮೂರು ಕಾಲು. ಕಾಮನ್ ಮತ್ತು ಎನ್‌ಒ ಬಳಸಿ. ಐಪಿ67 ಸೀಲ್ (ದೂಳು, ನೀರು ನುಗ್ಗದ್ದು) ಇರೋದನ್ನೇ ಕೇಳಿ. ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ ತಿಂಗಳುಗಟ್ಟಲೆ ಒದ್ದೆ ಇರುತ್ತೆ, ಸೀಲ್ ಇಲ್ಲದ್ದು ಒಂದು ವರ್ಷಕ್ಕೇ ಹಸಿರು ತುಕ್ಕು ಹಿಡಿಯುತ್ತೆ. ಎರಡನೇದು, ಹೊಸ ಕಾರಿನ ಕ್ಲಚ್ ಸ್ವಿಚ್ಚನ್ನ ಕಲಾಸಿಪಾಳ್ಯದಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕೋದು. ಎಷ್ಟೋ ಕಾರುಗಳಲ್ಲಿ ಕ್ಲಚ್ ಪೆಡಲ್ಲಿಗೆ ಎರಡು ಸ್ವಿಚ್ ಇರ್ತವೆ: ಮೇಲಿನದು ಎಂಜಿನ್ ಕಂಪ್ಯೂಟರಿಗೆ, ಕೆಳಗಿನದು ಸ್ಟಾರ್ಟಿಗೆ. ನಿಮಗೆ ಬೇಕಾದ್ದು ಕೆಳಗಿನದು. ಅಂಗಡಿಯವನ ಮಾತು ಕೇಳದೆ ಮಲ್ಟಿಮೀಟರ್ ಬಝರ್ ಹಾಕಿ ನೋಡಿ: ಒತ್ತಿದಾಗ ಕೂಗಬೇಕು, ಬಿಟ್ಟಾಗ ಸುಮ್ಮನಾಗಬೇಕು.

ರಿಲೇ ಬೇಕೇ ಬೇಕು. ಸ್ಟಾರ್ಟರಿನ ಸೊಲೆನಾಯ್ಡ್ (ಸ್ಟಾರ್ಟರಿಗೆ ದಪ್ಪ ಕರೆಂಟ್ ಬಿಡೋ ಅಯಸ್ಕಾಂತದ ಸ್ವಿಚ್) ಒಳಗೆ ಎಳೆಯೋ ಕಾಯಿಲ್, ಹಿಡಿದಿಡೋ ಕಾಯಿಲ್ ಎರಡೂ ಇವೆ. ಮೊದಲ ಕ್ಷಣದಲ್ಲಿ ಎರಡೂ ಸೇರಿ ಇಪ್ಪತ್ತು ಆಂಪಿಯರ್ ಆಸುಪಾಸು ಎಳೆಯೋದು ಮಾಮೂಲು. ಮೈಕ್ರೋಸ್ವಿಚ್ ಮೇಲೆ ‘15 ಆಂಪಿಯರ್’ ಅಂತ ಬರೆದಿದೆಯಲ್ಲ ಅನ್ನಬೇಡಿ. ಅದು 250 ವೋಲ್ಟ್ ಎಸಿಗೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತೆ, ಕಿಡಿ ತಾನಾಗೇ ಆರುತ್ತೆ. ಡಿಸಿಯಲ್ಲಿ, ಅದೂ ಕಾಯಿಲ್ ಲೋಡಿನಲ್ಲಿ, ಕಿಡಿ ಉಳಿದುಕೊಂಡು ಕಾಂಟ್ಯಾಕ್ಟನ್ನ ತಿನ್ನುತ್ತೆ. ರಿಲೇ ಹಾಕಿದ್ರೆ ಸ್ವಿಚ್ ಮೂಲಕ ಹೋಗೋದು 0.15ರಿಂದ 0.2 ಆಂಪಿಯರ್ ಅಷ್ಟೇ.

ರಿಲೇ ಪಿನ್ನುಗಳಲ್ಲಿ 85, 86 ಅದರ ಕಾಯಿಲ್‌ನವು; 30, 87 ಕಾಂಟ್ಯಾಕ್ಟಿನವು. ಜೋಡಣೆ ಹೀಗೆ: ಕೀ ಕಡೆಯಿಂದ ಬರೋ ಸ್ಟಾರ್ಟ್ ವೈರ್ ಕತ್ತರಿಸಿ 86ಕ್ಕೆ. 85ರಿಂದ ಕ್ಲಚ್ ಸ್ವಿಚ್, ಅಲ್ಲಿಂದ ಬಾಡಿ ಅರ್ಥ್. ಬ್ಯಾಟರಿಯಿಂದ 30 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ. 87ರಿಂದ ಸೊಲೆನಾಯ್ಡ್. ಇದರಿಂದ ಹಳೆ ಇಗ್ನಿಷನ್ ಸ್ವಿಚ್ಚಿನ ಮೇಲಿನ ಭಾರವೂ ಇಳಿಯುತ್ತೆ.

ಮೀಟರ್ ಹಿಡಿದವ ಉತ್ತರ:

ತಂತಿಯವರು ಸ್ವಿಚ್ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕೊನೆಯ ಜೋಡಣೆಗೆ ಮಾತ್ರ ಎರಡು ಆಕ್ಷೇಪ.

ಮೊದಲನೇದು: 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಲೈನ್ ಕೊಟ್ಟರೆ, ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡ ದಿನ ಸೆಲ್ಫ್ ನಿಲ್ಲೋದೇ ಇಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ತಿರುಗ್ತಾನೇ ಇರುತ್ತೆ. ಗೇರ್‌ನಲ್ಲಿದ್ದರೆ ಗಾಡಿ ಹೋಗ್ತಾನೇ ಇರುತ್ತೆ. ಎಗರೋದು ತಪ್ಪಲಿ ಅಂತ ಹಾಕಿದ ಸಾಮಾನೇ ಎಗರಿಸಬಾರದು. ಅಂಟೋದು ಅಪರೂಪವೂ ಅಲ್ಲ. ಬ್ಯಾಟರಿ ಸೊರಗಿದಾಗ ಸೊಲೆನಾಯ್ಡ್ ಟಕಟಕಟಕ ಅಂತ ಬಡಿಯುತ್ತಲ್ಲ, ಆಗ ವೋಲ್ಟೇಜ್ ಕುಸಿದು ಏಳುತ್ತಾ ರಿಲೇ ಕೂಡ ಅದೇ ತಾಳದಲ್ಲಿ ಬಡಿದುಕೊಳ್ಳುತ್ತೆ. ಕಳಪೆ ರಿಲೇ ಅಂಟೋದು ಅಂಥ ಹೊತ್ತಿನಲ್ಲೇ.

ಎರಡನೇದು: ಸ್ವಿಚ್ಚನ್ನ ಅರ್ಥ್ ಕಡೆ ಇಟ್ಟರೆ, 85ರಿಂದ ಪೆಡಲ್‌ವರೆಗೆ ಹೋಗೋ ವೈರು ಎಲ್ಲಾದ್ರೂ ತಗಡಿಗೆ ಉಜ್ಜಿ ಸಿಪ್ಪೆ ಹೋದ್ರೆ ಅದೇ ಅರ್ಥ್ ಆಯ್ತು. ಕ್ಲಚ್ ಒತ್ತದೆಯೂ ಕೆಲಸ ಮಾಡುತ್ತೆ, ಯಾವ ಸೂಚನೆಯೂ ಇಲ್ಲ. ಪೆಡಲ್ ಸುತ್ತಮುತ್ತ ವೈರ್ ಉಜ್ಜೋದು ಎಷ್ಟು ಸುಲಭ ಅಂತ ಕೆಳಗೆ ಬಗ್ಗಿ ನೋಡಿದವರಿಗೆ ಗೊತ್ತು.

ನಾನು ಹೇಳೋದು ಹೀಗೆ. ಕೀಯಿಂದ ಬರೋ ಸ್ಟಾರ್ಟ್ ವೈರನ್ನೇ ಎರಡಾಗಿ ಒಡೆಯಿರಿ. ದಪ್ಪದ್ದು, 2.5 ಚದರ ಮಿ.ಮೀ., ನೇರ 30ಕ್ಕೆ. ಸಣ್ಣದು, 0.75 ಅಥವಾ 1 ಚದರ ಮಿ.ಮೀ., 3 ಆಂಪಿಯರ್ ಫ್ಯೂಸ್ ದಾಟಿ ಕ್ಲಚ್ ಸ್ವಿಚ್ಚಿನ ಕಾಮನ್‌ಗೆ. ಎನ್‌ಒದಿಂದ ವಾಪಸ್ 86ಕ್ಕೆ. 85 ಬಾಡಿಗೆ. 87ರಿಂದ ಸೊಲೆನಾಯ್ಡಿಗೆ ಹೋಗೋ ಹಳೆ ವೈರು. ಬ್ಯಾಟರಿಯಿಂದ ಹೊಸ ಲೈನ್ ಯಾವುದೂ ಇಲ್ಲ. ಕಾಂಟ್ಯಾಕ್ಟ್ ಅಂಟಿದರೆ ಕಾರು ಮೊದಲಿನ ಹಾಗೆ ಆಗುತ್ತೆ, ಅಷ್ಟೇ. ಕೀ ಬಿಟ್ಟರೆ ನಿಲ್ಲುತ್ತೆ. ಪೆಡಲ್ ಹತ್ತಿರ ವೈರ್ ಉಜ್ಜಿ ಬಾಡಿಗೆ ತಗುಲಿದರೆ ಮುಂದಿನ ಸಲ ಸ್ಟಾರ್ಟ್ ಮಾಡುವಾಗ 3 ಆಂಪಿಯರ್ ಫ್ಯೂಸ್ ಹಾರುತ್ತೆ, ಸೆಲ್ಫ್ ಹೊಡೆಯಲ್ಲ. ಕೆಟ್ಟರೆ ಗಾಡಿ ನಿಲ್ಲುವ ಕಡೆಗೇ ಕೆಡಬೇಕು. ಆ ಫ್ಯೂಸನ್ನ ರಿಲೇ ಪಕ್ಕದಲ್ಲೇ ಇಡಿ, ಪೆಡಲ್ ಹತ್ತಿರ ಅಲ್ಲ.

ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್. ಬೆಳ್ಳಿ ಪಟ್ಟಿ ಇರೋ ತುದಿ 86ರ ಕಡೆ. ಡಯೋಡ್ ಒಳಗೇ ಇರೋ ರಿಲೇ ತಂದರೆ 86 ಪ್ಲಸ್, 85 ಮೈನಸ್; ಅದಲು ಬದಲಾದರೆ ಡಯೋಡ್ ಶಾರ್ಟ್ ಆಗಿ ಫ್ಯೂಸ್ ಹೋಗುತ್ತೆ.

ಕತ್ತರಿಸೋ ವೈರ್ ಯಾವುದು ಅಂತ ಬಣ್ಣ ನೋಡಿ ನಿರ್ಧರಿಸಬೇಡಿ, ಮೂವತ್ತೈದು ವರ್ಷ ದಾಟಿದ ಕಾರಿನಲ್ಲಿ ಬಣ್ಣಕ್ಕೆ ಬೆಲೆ ಇಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಸೊಲೆನಾಯ್ಡಿನ ಸಣ್ಣ ಸ್ಪೇಡ್ (ಚಪ್ಪಟೆ) ಟರ್ಮಿನಲ್ಲಿನ ವೈರ್ ಕಿತ್ತು, ಮೀಟರಿನ ಒಂದು ಕಡ್ಡಿ ಅದಕ್ಕೆ, ಇನ್ನೊಂದು ಎಂಜಿನ್ನಿಗೆ. ಕೀ ಆನ್‌ನಲ್ಲಿ ಸೊನ್ನೆ, ಸ್ಟಾರ್ಟ್‌ನಲ್ಲಿ ಮಾತ್ರ 12 ವೋಲ್ಟ್ ತೋರಿಸಬೇಕು. ನಂತರ ಅದೇ ವೈರನ್ನ ಡ್ಯಾಶ್ ಕೆಳಗೆ ಹಿಡಿದು ಅಲ್ಲಿ ಕತ್ತರಿಸಿ. ಬೇರೆ ಕಾರಿನವರು ಓದ್ತಿದ್ದರೆ ಒಂದು ಮಾತು: ಬ್ಯಾಲಸ್ಟ್ ರೆಸಿಸ್ಟರ್ (ಇಗ್ನಿಷನ್ ಕಾಯಿಲ್‌ಗೆ ಹೋಗೋ ವೋಲ್ಟೇಜ್ ತಗ್ಗಿಸೋದು) ಇರೋ ಇಗ್ನಿಷನ್ ಆದರೆ, ಸ್ಟಾರ್ಟ್ ಮಾಡುವಾಗ ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಕೊಡೋ ಕವಲು ಕೆಲವು ಸಲ ಇದೇ ವೈರಿಂದ ಹೊರಟಿರುತ್ತೆ. ಕತ್ತರಿ ಆ ಕವಲಿನ ಆಚೆ, ಸೊಲೆನಾಯ್ಡ್ ಕಡೆಗೆ ಬೀಳಲಿ.

ಜೋಡಣೆ ಎಲ್ಲಾ ಕ್ರಿಂಪ್, ಮೇಲೆ ಹೀಟ್ ಶ್ರಿಂಕ್. ಕಪ್ಪು ಟೇಪ್ ಒಂದು ಬೇಸಿಗೆಗೆ ಅಂಟು ಬಿಟ್ಟು ಜೋಲಾಡುತ್ತೆ.

ತಾಮ್ರದ ತಂತಿ ಉತ್ತರ:

ಅರ್ಥ್ ಕಡೆ ಸ್ವಿಚ್ ಇಡೋದರ ಬಗ್ಗೆ ನೀವು ಹೇಳಿದ್ದು ಸರಿ, ನನ್ನ ಜೋಡಣೆಯ ಆ ಭಾಗ ವಾಪಸ್ ತಗೊಂಡೆ. ಬ್ಯಾಟರಿ ಲೈನ್ ವಿಷಯದಲ್ಲಿ ಪೂರ್ತಿ ಒಪ್ಪಲ್ಲ. ಈ ವಯಸ್ಸಿನ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ಚಿನ ಒಳಗಿನ ತಾಮ್ರ ಸುಟ್ಟಿರುತ್ತೆ. ಅದರ ಮೂಲಕವೇ ಸೊಲೆನಾಯ್ಡ್ ಕರೆಂಟ್ ಎಳೆದು, ಜೊತೆಗೆ ಇನ್ನೆರಡು ಜಾಯಿಂಟ್ ಸೇರಿಸಿದ್ರೆ, ಬಿಸಿ ಎಂಜಿನ್ನಿನಲ್ಲಿ ‘ಟಕ್’ ಅಂದು ಸುಮ್ಮನಾಗೋ ರೋಗ ಶುರುವಾಗುತ್ತೆ.

ಮೀಟರ್ ಹಿಡಿದವ ಉತ್ತರ:

ಅದಕ್ಕೆ ಮೊದಲು ಅಳೆಯಬೇಕು. ಇಗ್ನಿಷನ್ ಕಾಯಿಲ್‌ನ ಸಣ್ಣ ಪ್ಲಸ್ ವೈರ್ ಕಿತ್ತಿಡಿ, ಎಂಜಿನ್ ಹತ್ತಬಾರದು. ಒಬ್ಬರು ಸೆಲ್ಫ್ ಹೊಡೆಯಲಿ. ಆಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಗುಬ್ಬಿಗೆ, ಇನ್ನೊಂದು ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ. 1 ವೋಲ್ಟ್ ಒಳಗಿದ್ದರೆ ಹಳೆ ವೈರಿಂಗ್ ಚೆನ್ನಾಗಿದೆ. ಅದರ ಮೇಲಿದ್ದರೆ ಸ್ವಿಚ್ಚನ್ನೋ ಕನೆಕ್ಟರನ್ನೋ ರಿಪೇರಿ ಮಾಡಿ, ರಿಲೇ ಹಾಕಿ ರೋಗ ಮುಚ್ಚಬೇಡಿ. ಅದೇ ಹೊತ್ತಿಗೆ ಬ್ಯಾಟರಿ ಮೈನಸ್ ಗುಬ್ಬಿಗೂ ಎಂಜಿನ್ ಬ್ಲಾಕಿಗೂ ಮಧ್ಯೆ ಅಳೆಯಿರಿ, 0.3 ವೋಲ್ಟ್ ದಾಟಿದರೆ ಎಂಜಿನ್ನಿನ ಅರ್ಥ್ ಪಟ್ಟಿ ಬದಲಿಸಿ. ಬ್ಯಾಟರಿ ತಾನೇ 9.6 ವೋಲ್ಟಿಗಿಂತ ಕೆಳಗೆ ಬೀಳ್ತಿದ್ದರೆ ಈ ಚರ್ಚೆ ಎಲ್ಲಾ ಆಮೇಲೆ, ಮೊದಲು ಬ್ಯಾಟರಿ ನೋಡಿ.

ಎಣ್ಣೆ ಕೈ ಉತ್ತರ:

ವೈರಿಂಗ್ ಪುರಾಣ ಚೆನ್ನಾಗಿದೆ. ಆದರೆ ಈ ಕೆಲಸ ಕೆಡೋದು ಹೆಚ್ಚಾಗಿ ಬ್ರ್ಯಾಕೆಟ್ಟಿನಲ್ಲಿ, ರಿಲೇಯಲ್ಲಲ್ಲ. ಸ್ವಿಚ್ ಯಾವ ಎತ್ತರದಲ್ಲಿ ಆನ್ ಆಗಬೇಕು ಅಂತ ಕಣ್ಣಂದಾಜಲ್ಲಿ ಕೂರಿಸಿದ್ರೆ ಮೇಲೆ ಬರೆದಿದ್ದೆಲ್ಲಾ ದಂಡ.

ಮೊದಲು ಕ್ಲಚ್ ಕೇಬಲ್ ನೋಡಿ. ತುದಿಯಲ್ಲಿ ಎಳೆ ಬಿಟ್ಟಿದ್ದರೆ, ಹೊರಗಿನ ಕವಚ ಮುರಿದಿದ್ದರೆ ಹೊಸದು ಹಾಕಿ. ಫ್ರೀ ಪ್ಲೇಯನ್ನ ಮ್ಯಾನ್ಯುಯಲ್ ಹೇಳಿದ ಅಳತೆಗೆ ತನ್ನಿ. ಇದಾದ ಮೇಲೆ ಸ್ವಿಚ್. ಹಿಂದು ಮುಂದು ಮಾಡಿದ್ರೆ ಎರಡು ಸಲ ಕೆಲಸ.

ಕ್ಲಚ್ ಪೂರ್ತಿ ಬಿಡೋ ಜಾಗ, ಅಂದ್ರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯೋ ಜಾಗ, ಹುಡುಕೋದು ಹೀಗೆ. ಸಮತಟ್ಟಾದ ಜಾಗ, ಹನುಮಂತನಗರದ ಏರಲ್ಲಿ ಬೇಡ. ಹಿಂದಿನ ಎರಡೂ ಚಕ್ರಕ್ಕೆ ಎರಡೂ ಕಡೆ ಕಲ್ಲು, ಹ್ಯಾಂಡ್‌ಬ್ರೇಕ್. ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ಮೇಲೆ ಬಿಡಬೇಡಿ. ಎಂಜಿನ್ ಆಫ್, ಕೀ ಹೊರಗೆ. ಫಸ್ಟ್ ಗೇರ್ ಹಾಕಿ. ಈಗ ಎತ್ತಿದ ಚಕ್ರ ಕೈಯಲ್ಲಿ ತಿರುಗಲ್ಲ. ಒಬ್ಬರು ಕ್ಲಚ್ಚನ್ನ ಇಂಚಿಂಚೇ ಒತ್ತಲಿ, ಇನ್ನೊಬ್ಬರು ಚಕ್ರ ತಿರುಗಿಸಲಿ. ಒಂದು ಹಂತದಲ್ಲಿ ಬಿಗಿ ಸಡಿಲುತ್ತೆ, ಇನ್ನೂ ಸ್ವಲ್ಪ ಒತ್ತಿದ್ರೆ ಹಗುರಾಗಿ ತಿರುಗುತ್ತೆ. ಹಗುರಾದ ಆ ಜಾಗವೇ ನಿಮ್ಮ ಗುರುತು. ಟಾಪ್ ಗೇರ್‌ನಲ್ಲಿ ಮಾಡಿದ್ರೆ ಕ್ಲಚ್ ಕೊಂಚ ಎಳೆಯುತ್ತಿದ್ದರೂ ಕೈಗೆ ಗೊತ್ತಾಗಲ್ಲ. ಫಸ್ಟ್‌ನಲ್ಲಿ ಆ ಎಳೆತ ಹಲವು ಪಟ್ಟಾಗಿ ಚಕ್ರಕ್ಕೆ ಬರುತ್ತೆ.

ಅಳೆಯೋದಕ್ಕೆ ಟೇಪನ್ನ ಸ್ಟೀರಿಂಗ್ ಚಕ್ರದ ಕೆಳ ಅಂಚಿಂದ ಪೆಡಲ್ ರಬ್ಬರಿಗೆ ಹಿಡಿಯಿರಿ. ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ: ಪೆಡಲ್ ಸುಮ್ಮನಿದ್ದಾಗ, ಕ್ಲಚ್ ಬಿಟ್ಟಾಗ, ಪೆಡಲ್ ನೆಲ ಮುಟ್ಟಿದಾಗ. ಉದಾಹರಣೆಗೆ ಸುಮ್ಮನಿದ್ದ ಜಾಗದಿಂದ 85 ಮಿ.ಮೀ.ಗೆ ಬಿಟ್ಟು, 130ಕ್ಕೆ ನೆಲ ಸಿಕ್ಕಿದ್ರೆ, ಸ್ವಿಚ್ 100ರಿಂದ 110ರ ಮಧ್ಯೆ ಕ್ಲಿಕ್ ಅನ್ನಬೇಕು. 90ಕ್ಕೆ ಇಟ್ಟರೆ ಕೇಬಲ್ ಸ್ವಲ್ಪ ಸಡಿಲಾದ ಕೂಡಲೇ ಕ್ಲಚ್ ಬಿಡೋ ಮೊದಲೇ ಆನ್ ಆಗುತ್ತೆ. 125ಕ್ಕೆ ಇಟ್ಟರೆ ಕಾಲಡಿಯ ಮ್ಯಾಟ್ ಒಂದು ಸುಕ್ಕಾದ್ರೂ ಸೆಲ್ಫ್ ಇಲ್ಲ. ಈಗ ಮಾರೋ ದಪ್ಪ ಪದರದ ಮ್ಯಾಟ್ ಹಾಕಿದ್ದರೆ ಅದನ್ನ ಹಾಕಿಯೇ ಅಳೆಯಿರಿ, ಇನ್ನೂ ಒಳ್ಳೇದು ಅಂದ್ರೆ ಎತ್ತಿ ಬಿಸಾಕಿ.

ಕ್ಲಚ್ ಪ್ಲೇಟ್ ಸವೆದರೆ ಫ್ರೀ ಪ್ಲೇ ಕಮ್ಮಿಯಾಗಿ ಕ್ಲಚ್ ಇನ್ನೂ ಮೇಲೆಯೇ ಬಿಡುತ್ತೆ, ಸ್ವಿಚ್ಚಿಗೆ ತೊಂದರೆಯಿಲ್ಲ. ಕೇಬಲ್ ಹಿಗ್ಗಿದರೆ ಉಲ್ಟಾ, ಬಿಡೋ ಜಾಗ ನೆಲದ ಕಡೆ ಇಳಿಯುತ್ತೆ, ಅಪಾಯ ಅಲ್ಲಿದೆ. ಹೊಸ ಕೇಬಲ್ ಹಾಕಿದ ಮೇಲೆ ಮೊದಲ ಕೆಲವು ವಾರದಲ್ಲಿ ಹೆಚ್ಚು ಹಿಗ್ಗುತ್ತೆ, ಆಮೇಲೆ ಒಂದು ಸಲ ಮತ್ತೆ ಅಳೆಯಿರಿ.

ಬ್ರ್ಯಾಕೆಟ್: 2 ಮಿ.ಮೀ. ದಪ್ಪ, 25 ಮಿ.ಮೀ. ಅಗಲದ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ, ಎಲ್ ಆಕಾರಕ್ಕೆ ಬಗ್ಗಿಸಿ. ತೆಳು ತಗಡು ಬೇಡ, ಕಾಲಿನ ಒತ್ತಡಕ್ಕೆ ಬಾಗಿ ಹೊಂದಾಣಿಕೆ ಹೋಗುತ್ತೆ. ಪೆಡಲ್ ಬಾಕ್ಸಿನ ಬೋಲ್ಟಿಗೆ ಕಟ್ಟಿ, ಸ್ವಿಚ್ ಕೂರೋ ತೂತನ್ನ ಉದ್ದಕ್ಕೆ ಅರದಿಂದ ಉಜ್ಜಿ; ಹತ್ತು ಮಿ.ಮೀ. ಹಿಂದೆ ಮುಂದೆ ಸರಿಸೋ ಹಾಗಿರಲಿ. ಅದುರಿದರೂ ಸಡಿಲಾಗದ ನೈಲಾಕ್ ನಟ್ ಹಾಕಿ.

ಮುಖ್ಯವಾದ್ದು: ಪೆಡಲ್ ತೋಳು ಸ್ವಿಚ್ಚಿಗೆ ಎದುರಿನಿಂದ ಗುದ್ದಬಾರದು. ಮೈಕ್ರೋಸ್ವಿಚ್ ಕ್ಲಿಕ್ ಆದ ಮೇಲೆ ಇನ್ನು ಕೆಲವೇ ಮಿ.ಮೀ. ಒತ್ತೋಕೆ ಜಾಗ, ನಿಮ್ಮ ಪೆಡಲ್ ಇನ್ನೂ ಇಪ್ಪತ್ತು ಮಿ.ಮೀ. ಇಳಿಯಬೇಕು. ಒಂದು ತಿಂಗಳಿಗೆ ಸ್ವಿಚ್ ಪುಡಿ. ಸ್ವಿಚ್ಚನ್ನ ಪಕ್ಕಕ್ಕೆ ಕೂರಿಸಿ, ಪೆಡಲ್ ತೋಳಿಗೆ ಕಟ್ಟಿದ ಇಳಿಜಾರು ತುಂಡು ರೋಲರನ್ನ ಸವರಿಕೊಂಡು ಹೋಗೋ ಹಾಗೆ ಮಾಡಿ. ಒಮ್ಮೆ ಒತ್ತಿದ ರೋಲರ್ ಪೆಡಲ್ ನೆಲ ಮುಟ್ಟೋವರೆಗೂ ಒತ್ತೇ ಇರೋ ಉದ್ದ ಆ ತುಂಡಿಗೆ ಇರಲಿ.

ವೈರ್ ಕಟ್ಟುವಾಗ ಆಕ್ಸಿಲರೇಟರ್ ಕೇಬಲ್, ಸ್ಟೀರಿಂಗ್ ಕಾಲಂ ಎರಡನ್ನೂ ಮುಟ್ಟದ ಹಾಗೆ ನೋಡಿ. ಆಕ್ಸಿಲರೇಟರಿಗೆ ಸಿಕ್ಕಿಕೊಂಡ ವೈರು ಇಡೀ ಸೇಫ್ಟಿ ಕತೆಗಿಂತ ದೊಡ್ಡ ಅಪಾಯ.

ದೊಡ್ಡ ಅಂಬಿ ಉತ್ತರ:

ಅಂಬಾಸಿಡರ್, ಟ್ರಯಂಫ್ ಹೆರಾಲ್ಡ್ ಇಟ್ಟುಕೊಂಡವರೂ ಇದನ್ನ ಓದ್ತಾರೆ, ಅವರಿಗಾಗಿ ಸೇರಿಸ್ತಿದ್ದೀನಿ. ಮಾರುತಿಯ ಜೋಡಣೆಯನ್ನ ಹಾಗೇ ನಕಲು ಮಾಡಬೇಡಿ.

ಅಂಬಾಸಿಡರ್ ಸೇರಿದ ಹಳೆ ಮೋರಿಸ್ ಕುಲದ ಗಾಡಿಗಳಲ್ಲಿ ಗುಂಡಿ ಎಳೆದರೆ ಕೇಬಲ್ ಹೋಗಿ ದಪ್ಪ ಕರೆಂಟಿನ ಸ್ವಿಚ್ಚನ್ನೇ ಒತ್ತೋ ಪದ್ಧತಿ ಇರುತ್ತೆ. ಕತ್ತರಿಸೋಕೆ ಅಲ್ಲಿ ಸಣ್ಣ ವೈರೇ ಇಲ್ಲ. ಮೊದಲು ಲ್ಯೂಕಾಸ್ ಮಾದರಿಯ ಬಿಡಿ ಸೊಲೆನಾಯ್ಡ್ ಒಂದನ್ನ ಬ್ಯಾಟರಿ, ಸ್ಟಾರ್ಟರ್ ಮಧ್ಯೆ ಹಾಕಿ, ಎಳೆಯೋ ಗುಂಡಿ ಬದಲು ಒತ್ತೋ ಬಟನ್ ಅಥವಾ ಕೀ ಕೊಡಬೇಕು. ಆಮೇಲೆ ಕ್ಲಚ್ ಸ್ವಿಚ್ ಮಾತು. ಕೆಲವು ಲ್ಯೂಕಾಸ್ ಸೊಲೆನಾಯ್ಡಿನ ಹಿಂಭಾಗದಲ್ಲಿ ರಬ್ಬರ್ ಮುಚ್ಚಿದ ಗುಂಡಿ ಇರುತ್ತೆ. ಬಾನೆಟ್ ಎತ್ತಿ ಅದನ್ನ ಒತ್ತಿದರೆ ಯಾವ ಕ್ಲಚ್ ಸ್ವಿಚ್ಚೂ ತಡೆಯಲ್ಲ. ಟಪ್ಪೆಟ್ ಹೊಂದಿಸುವಾಗ ಮೆಕ್ಯಾನಿಕ್‌ಗಳು ಬಳಸೋದು ಇದನ್ನೇ, ನ್ಯೂಟ್ರಲ್ ನೋಡಿ ಒತ್ತಲಿ. ಹ್ಯಾಂಡಲ್ ಹಾಕಿ ತಿರುಗಿಸೋರಿಗೂ ಅದೇ ಎಚ್ಚರಿಕೆ.

ಪಾಸಿಟಿವ್ ಅರ್ಥ್ (ಬ್ಯಾಟರಿ ಪ್ಲಸ್ ಬಾಡಿಗೆ ಸೇರಿರೋ) ಗಾಡಿಯಾದರೆ ರಿಲೇ ಕಾಯಿಲ್‌ಗೆ ಏನೂ ವ್ಯತ್ಯಾಸವಿಲ್ಲ, ಡಯೋಡ್ ಮಾತ್ರ ತಿರುಗಿಸಿ ಹಾಕಬೇಕು. ಡಯೋಡ್ ಒಳಗೇ ಇರೋ ರಿಲೇ ಅಲ್ಲಿ ಬೇಡ, ರೆಸಿಸ್ಟರ್ ಇರೋದು ತನ್ನಿ.

ಹೈಡ್ರಾಲಿಕ್ ಕ್ಲಚ್ ಇರೋ ಕಡೆ ಪೈಪಿಗೆ ಬ್ರೇಕ್ ಲೈಟಿನ ಪ್ರೆಷರ್ ಸ್ವಿಚ್ ಹಾಕ್ತೀನಿ ಅನ್ನೋರು ಸಿಗ್ತಾರೆ. ಸ್ವಲ್ಪ ಒತ್ತಡಕ್ಕೇ ಆನ್ ಆಗುತ್ತೆ, ಕ್ಲಚ್ ಬಿಡೋದಕ್ಕೆ ಬಹಳ ಮೊದಲು. ಜೊತೆಗೆ ಸೋರೋಕೆ ಇನ್ನೊಂದು ಜಾಗ ಉಚಿತ. ನನ್ನ ಮಟ್ಟಿಗೆ ಹೈಡ್ರಾಲಿಕ್‌ನಲ್ಲಿ ಸರಿಯಾದ ಜಾಗ ಗೇರ್‌ಬಾಕ್ಸ್ ಹತ್ತಿರದ ಕ್ಲಚ್ ಫೋರ್ಕ್ (ರಿಲೀಸ್ ಬೇರಿಂಗನ್ನ ನೂಕೋ ತೋಳು). ಆ ಫೋರ್ಕನ್ನ ನೂಕೋ ಸ್ಲೇವ್ ಸಿಲಿಂಡರ್ ಸೋರಿದರೆ ಪೆಡಲ್ ನೆಲ ಮುಟ್ಟುತ್ತೆ, ಫೋರ್ಕ್ ಕದಲಲ್ಲ. ಪೆಡಲ್ ಹತ್ತಿರದ ಸ್ವಿಚ್ ಅದನ್ನ ನಂಬಿ ಸೆಲ್ಫ್ ಬಿಡುತ್ತೆ, ಫೋರ್ಕ್ ಹತ್ತಿರದ್ದು ಬಿಡಲ್ಲ. ಕೆಸರು, ಎಣ್ಣೆ ತಡೆಯೋ ಸೀಲ್ ಸ್ವಿಚ್ಚೇ ಬೇಕಾಗುತ್ತೆ ಅಷ್ಟೇ.

ಹೆರಾಲ್ಡ್‌ನವರಿಗೆ ಒಂದು ಬೇರೆ ಚಿಂತೆ. ಎಂಜಿನ್ ತಿರುಗೋ ಮೊದಲ ಕ್ಷಣದಲ್ಲಿ ಎಣ್ಣೆ ಒತ್ತಡ ಇರಲ್ಲ. ಆಗ ಕ್ಲಚ್ ಒತ್ತಿದ್ದರೆ ಕ್ರ್ಯಾಂಕನ್ನ ಮುಂದಕ್ಕೆ ನೂಕೋ ಬಲ ಪೂರ್ತಿ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯೋದು) ಮೇಲೆ. ಟ್ರಯಂಫಿನ ಈ ಸಣ್ಣ ಎಂಜಿನ್ನುಗಳಲ್ಲಿ ಅರ್ಧಚಂದ್ರದ ವಾಷರ್ ಹಿಂದಿನ ಮೇನ್ ಬೇರಿಂಗಿನಲ್ಲಿ ಮಾತ್ರ. ಸವೆದು ತೆಳ್ಳಗಾದರೆ ಜಾರಿ ಕೆಳಗಿನ ಎಣ್ಣೆ ತೊಟ್ಟಿಗೇ (ಸಂಪ್) ಬೀಳೋದುಂಟು, ಆಮೇಲೆ ಕ್ರ್ಯಾಂಕ್ ನೇರ ಬ್ಲಾಕನ್ನೇ ತಿನ್ನುತ್ತೆ. ಸ್ವಿಚ್ ಹಾಕೋ ಮೊದಲು ಒಬ್ಬರನ್ನ ಕ್ಲಚ್ ಒತ್ತಿಸಿ ಮುಂದಿನ ಪುಲ್ಲಿ ನೋಡಿ. ಬರಿಗಣ್ಣಿಗೇ ಮುಂದೆ ಹಿಂದೆ ಆಡಿದ್ದು ಕಂಡರೆ ಡಯಲ್ ಗೇಜ್ ಹಾಕಿ ಅಳೆದು, ವಾಷರ್ ಕೆಲಸ ಮುಗಿಸಿ.

ಎಣ್ಣೆ ಕೈ ಉತ್ತರ:

ಥ್ರಸ್ಟ್ ಮಾತು ಹೆರಾಲ್ಡಿಗೆ ಸರಿ, ಮಾರುತಿಯವರು ಅದಕ್ಕೆ ಹೆದರಿ ಕೈಬಿಡಬೇಡಿ. ಸೆಲ್ಫ್ ಹೊಡೆಯೋದು ಒಂದೆರಡು ಸೆಕೆಂಡ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡು ಕ್ಲಚ್ ಒತ್ತಿ ನಿಲ್ಲೋರು ಅದಕ್ಕಿಂತ ಎಷ್ಟೋ ಹೆಚ್ಚು ಸವೆಸ್ತಾರೆ.

ಫೋರ್ಕ್ ಹತ್ತಿರದ ಸ್ವಿಚ್ ಕೇಬಲ್ ಕಾರಿಗೆ ನನಗಿಷ್ಟವಿಲ್ಲ. ಕ್ಲಚ್ ಕೇಬಲ್ ದಾರೀಲಿ ತುಂಡಾದರೆ ಫಸ್ಟ್ ಗೇರ್ ಹಾಕಿ ಸೆಲ್ಫ್‌ನಲ್ಲೇ ಗಾಡಿ ಎಬ್ಬಿಸಿ ಪಕ್ಕಕ್ಕೆ ತರೋದು ಹಳೆ ಉಪಾಯ. ಸ್ವಿಚ್ ಪೆಡಲ್ ಹತ್ತಿರ ಇದ್ದರೆ, ಕೇಬಲ್ ಹೋದ ಪೆಡಲ್ಲನ್ನ ನೆಲಕ್ಕೆ ಒತ್ತಿ ಅದನ್ನ ಈಗಲೂ ಮಾಡಬಹುದು.

ಹನುಮಂತನಗರದ ಏರು ಉತ್ತರ:

ಅಳೆದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.4, ಸೊಲೆನಾಯ್ಡಿನ ಸಣ್ಣ ಟರ್ಮಿನಲ್ 8.3 ವೋಲ್ಟ್. ಅರ್ಥ್ ಕಡೆ 0.2. ಅಂದರೆ ಪ್ಲಸ್ ಕಡೆ 2.1 ವೋಲ್ಟ್ ಎಲ್ಲೋ ಹೋಗ್ತಿದೆ. ಈಗ ಬ್ಯಾಟರಿಯಿಂದ ನೇರ ಲೈನ್ ಹಾಕಲೇಬೇಕಾ? ಮತ್ತೆ ಡ್ಯಾಶ್‌ನಲ್ಲಿ ಒಂದು ಬೈಪಾಸ್ ಟಾಗಲ್ ಇಟ್ಟರೆ ಹೇಗೆ?

ಮೀಟರ್ ಹಿಡಿದವ ಉತ್ತರ:

ಬೇಡ. 2.1 ಎಲ್ಲಿ ಹೋಗ್ತಿದೆ ಅಂತ ಹಂತ ಹಂತವಾಗಿ ಹುಡುಕಿ. ಒಂದು ಕಡ್ಡಿ ಬ್ಯಾಟರಿ ಪ್ಲಸ್‌ನಲ್ಲೇ ಇರಲಿ, ಇನ್ನೊಂದನ್ನ ಇಗ್ನಿಷನ್ ಸ್ವಿಚ್ಚಿಗೆ ಬರೋ ದಪ್ಪ ವೈರಿಗೆ, ಆಮೇಲೆ ಸ್ವಿಚ್ಚಿಂದ ಹೊರಡೋ ಸ್ಟಾರ್ಟ್ ವೈರಿಗೆ, ಆಮೇಲೆ ಸೊಲೆನಾಯ್ಡಿಗೆ ಹಿಡಿಯಿರಿ. ಪ್ರತಿ ಸಲ ಎರಡು ಮೂರು ಸೆಕೆಂಡ್ ಸೆಲ್ಫ್, ಮಧ್ಯೆ ಅರ್ಧ ನಿಮಿಷ ಬಿಡುವು. ಎಲ್ಲಿ ಸಂಖ್ಯೆ ದಿಢೀರ್ ಅಂತ ಜಿಗಿಯುತ್ತೋ ರೋಗ ಅಲ್ಲಿ. ಈ ವಯಸ್ಸಿಗೆ ಸ್ವಿಚ್ಚಿನ ಒಳಗೋ ಅದರ ಹಿಂದಿನ ಪ್ಲಾಸ್ಟಿಕ್ ಕನೆಕ್ಟರಿನಲ್ಲೋ ಇರೋ ಸಾಧ್ಯತೆ ಹೆಚ್ಚು. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ ಸಾಕ್ಷಿ. ಇಗ್ನಿಷನ್ ಸ್ವಿಚ್ಚಿನ ಎಲೆಕ್ಟ್ರಿಕ್ ಭಾಗ ಜೆ.ಸಿ. ರಸ್ತೆಯಲ್ಲಿ ಕೇಳಿ ನೋಡಿ. ಬೀಗದ ಭಾಗದಿಂದ ಬಿಡಿಯಾಗಿ ಸಿಕ್ಕರೆ ಕೀ ಬದಲಿಸಬೇಕಾಗಿಲ್ಲ. 1 ವೋಲ್ಟ್ ಒಳಗೆ ತಂದ ಮೇಲೆ ರಿಲೇ ಹಾಕಿ, ಮತ್ತೆ ಅಳೆಯಿರಿ. ರಿಲೇ ಮತ್ತು ಹೊಸ ಜಾಯಿಂಟ್‌ಗಳಿಂದ 0.2ಕ್ಕಿಂತ ಹೆಚ್ಚು ಸೇರಬಾರದು.

ಡ್ಯಾಶ್‌ನಲ್ಲಿ ಟಾಗಲ್ ಇಟ್ಟರೆ ಎರಡನೇ ವಾರದಿಂದ ಅದು ಸದಾ ಬೈಪಾಸ್‌ನಲ್ಲೇ ಇರುತ್ತೆ. ನಿಮಗೆ ಅದರ ಅಗತ್ಯವೂ ಇಲ್ಲ. 30ಕ್ಕೆ ಸ್ಟಾರ್ಟ್ ವೈರೇ ಬರ್ತಿರೋದರಿಂದ, ರಿಲೇಯನ್ನ ಸಾಕೆಟ್ಟಿಂದ ಕಿತ್ತು 30, 87ರ ತೂತುಗಳ ಮಧ್ಯೆ ಒಂದು ಗಿಡ್ಡ ವೈರ್ ಸಿಕ್ಕಿಸಿದರೆ ಕಾರು ಕಂಪನಿ ವೈರಿಂಗಿಗೆ ಮರಳುತ್ತೆ. 2.5 ಚದರ ಮಿ.ಮೀ. ವೈರು, ಎರಡೂ ತುದಿಗೆ ಗಂಡು ಸ್ಪೇಡ್ ಕ್ರಿಂಪ್ ಮಾಡಿ ಗ್ಲೋವ್ ಬಾಕ್ಸಿನಲ್ಲಿಡಿ. ಬ್ಯಾಟರಿಯಿಂದ ನೇರ ಲೈನ್ ಹಾಕಿದ್ದರೆ ಇದೇ ವೈರ್ ಸಿಕ್ಕಿಸಿದ ಕ್ಷಣ, ಕೀ ಇಲ್ಲದೆಯೇ, ಸೆಲ್ಫ್ ಹೊಡೆದುಬಿಡ್ತಿತ್ತು. ತಂತಿಯವರು ಇದನ್ನೂ ಗಮನಿಸಲಿ.

ತಳ್ಳಿ ಸ್ಟಾರ್ಟ್ ಮಾಡೋದಕ್ಕೆ ಇದ್ಯಾವುದೂ ಅಡ್ಡ ಬರಲ್ಲ, ಅಲ್ಲಿ ಕೀ ಆನ್‌ನಲ್ಲಿದ್ದರೆ ಸಾಕು.

ತಾಮ್ರದ ತಂತಿ ಉತ್ತರ:

ಗಮನಿಸಿದೆ, ಸೋತೆ.

ಮುಗಿದ ಮೇಲೆ ಪರೀಕ್ಷೆ: ಇಗ್ನಿಷನ್ ಕಾಯಿಲ್ ವೈರ್ ಕಿತ್ತಿಟ್ಟು, ಗೇರ್ ನ್ಯೂಟ್ರಲ್. ಕ್ಲಚ್ ಮುಟ್ಟದೆ ಕೀ ತಿರುಗಿಸಿ, ಸದ್ದು ಇರಬಾರದು. ಅರ್ಧ ಒತ್ತಿ, ಆಗಲೂ ಇರಬಾರದು. ಪೂರ್ತಿ ಒತ್ತಿದಾಗ ಹೊಡೆಯಬೇಕು. ಹೊಡೆಯುತ್ತಿರುವಾಗಲೇ ಕ್ಲಚ್ ಪೆಡಲ್ಲನ್ನ ನಿಧಾನಕ್ಕೆ ಮೇಲೆ ಬಿಡಿ, ಕ್ಲಚ್ ಹಿಡಿಯೋ ಜಾಗ (ಮೊದಲು ಅಳೆದ ಗುರುತು) ಬರೋ ಮೊದಲೇ ಸೆಲ್ಫ್ ನಿಲ್ಲಬೇಕು. ಆಮೇಲೆ 3 ಆಂಪಿಯರ್ ಫ್ಯೂಸ್ ಕಿತ್ತು, ಕ್ಲಚ್ ಪೂರ್ತಿ ಒತ್ತಿ ನೋಡಿ, ಸತ್ತಂತಿರಬೇಕು. ನ್ಯೂಟ್ರಲ್‌ನಲ್ಲಿ, ಕ್ಲಚ್ ಮುಟ್ಟದೆ ಒಮ್ಮೆ ಕೀ ತಿರುಗಿಸೋ ಪರೀಕ್ಷೆಯನ್ನ ತಿಂಗಳಿಗೊಮ್ಮೆ ಮಾಡ್ತಿರಿ, ಕಾಂಟ್ಯಾಕ್ಟ್ ಅಂಟಿದ್ದರೆ ಗೊತ್ತಾಗೋದು ಅದರಲ್ಲೇ.

ಚೋಕ್ ಎಳೆದು ಸ್ಟಾರ್ಟ್ ಮಾಡುವಾಗ ಎಂಜಿನ್ ಜೋರಾಗಿ ಓಡ್ತಿರುತ್ತೆ. ಗೇರ್‌ನಲ್ಲಿದ್ದು ಸ್ಟಾರ್ಟ್ ಆದ ಮೇಲೆ ಕ್ಲಚ್ಚಿಂದ ಕಾಲು ತೆಗೆದ್ರೆ ಗಾಡಿ ಎಗರೋದನ್ನ ಈ ಸ್ವಿಚ್ ತಡೆಯಲ್ಲ ಅಂತ ಮನೇಲಿ ಮೂವರಿಗೂ ಹೇಳಿಡಿ.

ಎಣ್ಣೆ ಕೈ ಉತ್ತರ:

ಕೀ ಪಕ್ಕದಲ್ಲಿ ‘ಕ್ಲಚ್ ಒತ್ತಿ ಸೆಲ್ಫ್ ಹೊಡೆಯಿರಿ’ ಅಂತ ಒಂದು ಚೀಟಿನೂ ಅಂಟಿಸಿ. ಇಲ್ಲಾಂದ್ರೆ ಸರ್ವಿಸಿಗೆ ಬಿಟ್ಟ ದಿನ ಸೆಲ್ಫ್ ಮೋಟಾರ್ ಬಿಚ್ಚಿ ಬೆಂಚ್ ಮೇಲೆ ಇಟ್ಟು ಫೋನ್ ಮಾಡ್ತಾರೆ.